ಮುಂದಿನ ಚಕ್ರ ಏಕೆ ಅಲ್ಲಾಡುತ್ತದೆ?

ಪ್ರಶ್ನೆ: ಮನೆಯಲ್ಲೇ ಬ್ರೇಕ್ ಡಿಸ್ಕ್ ಬದಲಿಸಿದೆ. ಈಗ ಮುಂದಿನ ಚಕ್ರ ಅಲ್ಲಾಡುತ್ತಿದೆ, ಸ್ಟೀರಿಂಗ್ ನಡುಗುತ್ತಿದೆ. ಕಾರಣವೇನು?

ಉತ್ತರ: ಮೊದಲು ವೀಲ್ ನಟ್‌ ನೋಡಿ, ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ. ಅವು ಬಿಗಿಯಾಗಿದ್ದರೆ ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜಾಕ್ ನಂಬಬೇಡಿ). ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಪ್ಲೇ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಅಲುಗಾಟ ನಿಂತರೆ ಬೇರಿಂಗ್ ಸವೆದಿರಬೇಕು. ನಿಲ್ಲದಿದ್ದರೆ ಬಾಲ್ ಜಾಯಿಂಟ್ ನೋಡಿಸಿ. ಎಡ-ಬಲ ಹಿಡಿದಾಗ ಮಾತ್ರ ಅಲುಗಿದರೆ ಅನುಮಾನ ಟೈ ರಾಡ್ ಎಂಡ್ ಮೇಲೆ.

ಬ್ರೇಕ್ ಒತ್ತಿದಾಗಷ್ಟೇ ನಡುಕವೇ? ಹಬ್ಬಿನ ಮುಖದಲ್ಲಿ ಉಳಿದ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತುಕ್ಕಿನ ಒಂದು ತೆಳು ಹಕ್ಕಳೆ ಸಿಕ್ಕಿಕೊಂಡರೂ ಡಿಸ್ಕ್ ಓರೆಯಾಗಿ ತಿರುಗುತ್ತದೆ. ಪ್ಲೇ ಹೋಗುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ.