ಸಿಂಪಡಿಸುವ ಮೇಣ, ಹೊಳೆಯುವ ಕಾರು

ಕಾರಿಗೆ ಸಿಂಪಡಿಸುವ ಮೇಣವೆಂದರೆ ನೀರಿನಲ್ಲಿ ಕದಡಿ ನಿಲ್ಲಿಸಿದ ಮೇಣ. ಬಾಟಲಿಯಲ್ಲಿ ಹೆಚ್ಚಿನ ಪಾಲು ನೀರೇ ಇರುತ್ತದೆ. ಅದರೊಳಗೆ ಬಹಳ ಸಣ್ಣ ಮೇಣದ ಹನಿಗಳು, ಒಂದಿಷ್ಟು ಸಿಲಿಕೋನ್ ಎಣ್ಣೆ, ಎಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಸಾಬೂನಿನ ಗುಣದ ರಾಸಾಯನಿಕ, ಬೇಗ ಆರುವ ದ್ರಾವಕ, ಬೂಷ್ಟು ಹಿಡಿಯದಂತೆ ಕಾಯುವ ವಸ್ತು ಸೇರಿರುತ್ತವೆ. ಕೊನೆಗೆ ಬಣ್ಣ ಮತ್ತು ಪರಿಮಳ. ಈ ಕೊನೆಯ ಎರಡು ಕಾರಿಗಾಗಿ ಅಲ್ಲ, ಕೊಳ್ಳುವವರಿಗಾಗಿ.

ಡಬ್ಬಿಯ ಗಟ್ಟಿ ಮೇಣವನ್ನು ಬಳಸುವಾಗ ಸ್ಪಂಜಿನಿಂದ ತಿಕ್ಕಿ ಹಚ್ಚಿ, ಮಬ್ಬುಗಟ್ಟುವವರೆಗೆ ಕಾದು, ಮತ್ತೆ ಉಜ್ಜಿ ತೆಗೆಯಬೇಕು. ಇಡೀ ಕಾರಿಗೆ ಅರ್ಧ ದಿನ ಹೋಗುತ್ತದೆ. ಸಿಂಪಡಿಸುವ ಮೇಣದಲ್ಲಿ ಆ ಶ್ರಮವನ್ನು ನೀರು ಮತ್ತು ದ್ರಾವಕಗಳೇ ಹಂಚಿಕೊಳ್ಳುತ್ತವೆ. ಸಿಂಪಡಿಸಿ ಬಟ್ಟೆಯಿಂದ ಹರಡಿದ ಕೂಡಲೇ ನೀರು ಆರತೊಡಗುತ್ತದೆ, ಮೇಣದ ಹನಿಗಳು ಒಂದನ್ನೊಂದು ತಾಕಿ ಕೂಡಿಕೊಂಡು ತೆಳುವಾದ ಪೊರೆಯಾಗುತ್ತವೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಈ ಸುಲಭಕ್ಕೆ ತೆರುವ ಬೆಲೆ ಬಾಳಿಕೆ. ಗಟ್ಟಿ ಮೇಣದ ಪೊರೆ ಕೆಲವು ತಿಂಗಳು ನಿಂತರೆ, ಇದು ನಿಲ್ಲುವುದು ಕೆಲವು ವಾರ.

ಬಾಟಲಿಗಳ ಮೇಲೆ ದೊಡ್ಡಕ್ಷರದಲ್ಲಿ ಕಾಣುವ ಕಾರ್ನೌಬಾ ಎಂಬುದು ಈಶಾನ್ಯ ಬ್ರೆಜಿಲ್‌ನ ಒಣ ಸೀಮೆಯಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರ. ಉರಿಬಿಸಿಲಿನಲ್ಲಿ ಎಲೆಯ ನೀರು ಆವಿಯಾಗಿ ಹೋಗದಂತೆ ಈ ಮರ ಗರಿಗಳ ಮೇಲೆ ಮೇಣದ ಲೇಪ ಹೊದ್ದುಕೊಳ್ಳುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಗರಿಗಳನ್ನು ಕೊಯ್ದು, ಒಣಗಿಸಿ, ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಅದನ್ನು ಕರಗಿಸಿ ಸೋಸಿದರೆ ಸರಕು ಸಿದ್ಧ. ನಿಸರ್ಗದಲ್ಲಿ ಸಿಗುವ ಮೇಣಗಳಲ್ಲಿ ಇಷ್ಟು ಗಡಸಾದವು ಕಡಿಮೆ. ಜೇನುಮೇಣ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಕಾರ್ನೌಬಾ ಕರಗಲು 82ರಿಂದ 86 ಡಿಗ್ರಿ ಬೇಕು. ಮಿಠಾಯಿ ಮತ್ತು ಮಾತ್ರೆಗಳ ಹೊರಗಿನ ಹೊಳಪೂ ಎಷ್ಟೋ ಸಲ ಇದರದ್ದೇ. ಆದರೆ ‘ಕಾರ್ನೌಬಾ ಇದೆ’ ಎಂದ ಮಾತ್ರಕ್ಕೆ ಎಷ್ಟಿದೆ ಎಂದು ಹೇಳಿದಂತಾಗದು. ಅಗ್ಗದ ಬಾಟಲಿಗಳಲ್ಲಿ ಹೆಚ್ಚಿನ ಹೊಳಪು ಬರುವುದು ಸಿಲಿಕೋನ್‌ನಿಂದ. ಅದನ್ನು ಮೋಸವೆನ್ನಬೇಕಾಗಿಲ್ಲ. ನೀರಿನ ಮೇಲ್ಮೈ ಎಳೆತದ ಮೂರನೇ ಒಂದು ಪಾಲೂ ಇಲ್ಲದ ಸಿಲಿಕೋನ್ ಎಣ್ಣೆ ಸಿಕ್ಕ ಸಂದಿಗೆಲ್ಲ ತಾನೇ ಹರಡಿಕೊಳ್ಳುತ್ತದೆ. ಅಮೈನ್ ಗುಂಪು ಜೋಡಿಸಿದ ಸಿಲಿಕೋನ್ ಬಣ್ಣಕ್ಕೆ ಗಟ್ಟಿಯಾಗಿಯೇ ಅಂಟುತ್ತದೆ.

ಈ ಪೊರೆ ಕೂರುವ ಜಾಗವನ್ನೂ ತಿಳಿಯಬೇಕು. ಇಂದಿನ ಕಾರಿನ ಉಕ್ಕಿನ ತಗಡಿನ ಮೇಲೆ ಮೊದಲು ಫಾಸ್ಫೇಟ್ ಲೇಪ, ಆಮೇಲೆ ವಿದ್ಯುತ್ ಹಾಯಿಸಿ ಕೂರಿಸಿದ ತುಕ್ಕುನಿರೋಧಕ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ. ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರಿನ ಹತ್ತರಿಂದ ಏಳನೇ ಒಂದು ಪಾಲು. ಪಾರದರ್ಶಕ ಪದರವೊಂದೇ ಸುಮಾರು 40 ಮೈಕ್ರಾನ್. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಮೇಲ್ಪದರ ಇರಲಿಲ್ಲ, ಬಣ್ಣವೇ ಬಿಸಿಲಿಗೆ ನೇರವಾಗಿ ಒಡ್ಡಿಕೊಂಡಿತ್ತು. ಅದು ಬೆಳ್ಳಗೆ ಹುಡಿಗಟ್ಟುತ್ತಿತ್ತು, ಪಾಲಿಶ್ ಮಾಡಿದರೆ ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತಿತ್ತು. ಆ ಕಾಲದ ಕಾರಿಗೆ ಮೇಣ ಅನಿವಾರ್ಯವಾಗಿತ್ತು. ಈಗಿನ ಕಾರಿನಲ್ಲಿ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳು ಪಾರದರ್ಶಕ ಪದರದೊಳಗೇ ಇರುತ್ತವೆ. ಒಂದು ಮೈಕ್ರಾನೂ ದಪ್ಪವಿಲ್ಲದ ಮೇಣದ ಪೊರೆ ಬಿಸಿಲಿನಿಂದ ಕಾಪಾಡುತ್ತದೆ ಎಂಬ ಜಾಹೀರಾತಿನ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಹಾಗಾದರೆ ಹೊಳಪು ಎಲ್ಲಿಂದ ಬರುತ್ತದೆ? ಮೇಲ್ಮೈ ನಯವಾಗಿದ್ದರೆ ಬೆಳಕು ಬಿದ್ದ ಕೋನದಲ್ಲೇ ಹಿಂದಿರುಗುತ್ತದೆ, ಎದುರಿನ ಮರ, ಗೋಡೆ ಎಲ್ಲ ಬಾನೆಟ್ಟಿನಲ್ಲಿ ಮೂಡುತ್ತವೆ. ಮೇಲ್ಮೈಯಲ್ಲಿ ಸಣ್ಣ ಗೀರುಗಳಿದ್ದರೆ ಅದೇ ಬೆಳಕು ದಿಕ್ಕುದಿಕ್ಕಿಗೆ ಚದುರಿ ಬಣ್ಣ ಮಂಕಾಗುತ್ತದೆ. ಕಪ್ಪು ಕಾರು ಬೂದುಬೂದಾಗಿ ಕಾಣುವುದು ಇದೇ ಕಾರಣಕ್ಕೆ. ಮೇಣದ ವಕ್ರೀಭವನಾಂಕ ಪಾರದರ್ಶಕ ಪದರದ ಸುಮಾರು 1.5ಕ್ಕೆ ಬಹಳ ಹತ್ತಿರ. ಆದ್ದರಿಂದ ಗೀರಿನೊಳಗೆ ಗಾಳಿಯ ಬದಲು ಮೇಣ ತುಂಬಿಕೊಂಡರೆ ಬೆಳಕಿಗೆ ಆ ಗೀರು ಇದ್ದೂ ಇಲ್ಲದಂತೆ. ಚನ್ನಪಟ್ಟಣದ ಗೊಂಬೆಗಳು ಹೊಳೆಯುವುದರ ಹಿಂದೆಯೂ ಇರುವುದು ಇದೇ ತತ್ವ. ಅಲ್ಲಿ ತಿರುಗುವ ಮರಕ್ಕೆ ಅರಗನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಅದು ಕರಗಿ, ಮರದ ಎಳೆಗಳ ಸಂದಿಗಳನ್ನು ತುಂಬಿ ಮೈಯನ್ನು ಸಮ ಮಾಡುತ್ತದೆ. ಅಂದಮೇಲೆ ಮೇಣ ಗೀರನ್ನು ಮರೆಮಾಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಮೇಣ ತೊಳೆದುಹೋದ ದಿನ ಗೀರು ಮತ್ತೆ ಕಾಣಿಸಿಕೊಳ್ಳುತ್ತದೆ. ಬಿಳಿ ಕಾರಿನಲ್ಲಿ ಈ ವ್ಯತ್ಯಾಸವೆಲ್ಲ ಕಣ್ಣಿಗೆ ಬೀಳುವುದೇ ಕಡಿಮೆ.

ಹೊಳಪಿನ ಜೊತೆಗೆ ಮೇಣದ ಇನ್ನೊಂದು ಕೆಲಸ ನೀರನ್ನು ದೂರವಿಡುವುದು. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವಂತೆ ಮೇಣ ಹಚ್ಚಿದ ಬಾನೆಟ್ಟಿನ ಮೇಲೂ ಹನಿಗಳು ಗುಂಡಾಗಿ ನಿಲ್ಲುತ್ತವೆ. ಆದರೆ ಎರಡೂ ಒಂದೇ ಅಲ್ಲ. ಎಲೆಯ ಮೇಣ ಕಣ್ಣಿಗೆ ಕಾಣದ ಉಬ್ಬುತಗ್ಗುಗಳ ಮೇಲೆ ಕೂತಿದೆ. ಹನಿ ತುದಿಗಳನ್ನಷ್ಟೇ ತಾಕಿ, ಜಾರುವಾಗ ಧೂಳನ್ನೂ ಎತ್ತಿಕೊಂಡು ಹೋಗುತ್ತದೆ. ಅಲ್ಲಿ ಹನಿಯ ಅಂಚು ಎಲೆಯೊಂದಿಗೆ ಮಾಡುವ ಕೋನ 150 ಡಿಗ್ರಿ ಮೀರುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಥ್‌ಲಾಟ್ ತಾವರೆ ಎಲೆಯಲ್ಲಿ ಈ ಗುಣವನ್ನು ವಿವರಿಸಿ, ಸಹೋದ್ಯೋಗಿಯೊಂದಿಗೆ 1997ರಲ್ಲಿ ಪ್ರಕಟಿಸಿದರು. ಕಾರಿನ ನಯವಾದ ಮೈಮೇಲಿನ ಮೇಣದಲ್ಲಿ ಆ ಕೋನ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹನಿ ಗುಂಡಾಗುತ್ತದೆ, ಆದರೆ ತಾನಾಗಿ ಜಾರದೆ ಅಲ್ಲೇ ಕೂರುತ್ತದೆ.

ರಾಯಚೂರು ಜಿಲ್ಲೆಯಂಥ ಬಿಸಿಲುಸೀಮೆಯಲ್ಲಿ ತೊಂದರೆ ಶುರುವಾಗುವುದೂ ಹನಿ ಹೀಗೆ ಕೂರುವುದರಿಂದಲೇ. ಬೋರ್‌ವೆಲ್ ನೀರು ಗಡಸು, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ತೊಳೆದು ಬಿಸಿಲಲ್ಲಿ ಬಿಟ್ಟ ಕಾರಿನ ಮೇಲೆ ಗುಂಡಾಗಿ ನಿಂತ ಪ್ರತಿ ಹನಿಯೂ ಆರುವಾಗ ತನ್ನ ಲವಣವನ್ನೆಲ್ಲ ಒಂದೇ ಕಡೆ ಬಿಟ್ಟು ಬಿಳಿಯ ಉಂಗುರ ಮಾಡುತ್ತದೆ. ಮೇಣವಿಲ್ಲದ ಕಾರಿನ ಮೇಲೆ ನೀರು ತೆಳ್ಳಗೆ ಹರಡಿ ಒಟ್ಟಾರೆ ಮಂಕಾಗಿಸಿದರೆ, ಮೇಣ ಹಚ್ಚಿದ ಕಾರಿನ ಮೇಲೆ ಚುಕ್ಕಿಗಳ ಜಾತ್ರೆ. ಜಾಹೀರಾತಿನ ಚಿತ್ರದಲ್ಲಿ ಚಂದ ಕಾಣುವ ಆ ಮುತ್ತುಹನಿಗಳನ್ನು ಈ ಸೀಮೆಯಲ್ಲಿ ಬಟ್ಟೆಯಿಂದ ಒರೆಸಿ ತೆಗೆಯಲೇಬೇಕು. ಕಲೆ ಹೊಸದಾಗಿದ್ದರೆ ನೀರು ಬೆರೆಸಿದ ವಿನೆಗರ್‌ಗೆ ಬಿಡುತ್ತದೆ. ಬಿಸಿಲಲ್ಲಿ ವಾರಗಟ್ಟಲೆ ಕಾದ ಕಲೆ ಪಾರದರ್ಶಕ ಪದರವನ್ನೇ ಕೊರೆದಿರುತ್ತದೆ.

ಇನ್ನು ಧೂಳು. ಚಂದ್ರಬಂಡದ ಕಡೆಯ ಹಳ್ಳಿದಾರಿಯಲ್ಲಿ ಬೇಸಿಗೆಯಲ್ಲಿ ಓಡಾಡಿದ ಕಾರಿನ ಮೇಲೆ ಕೂರುವ ಧೂಳಿನಲ್ಲಿ ಸ್ಫಟಿಕಶಿಲೆಯ ಹರಳುಗಳಿರುತ್ತವೆ. ಮೋಸ್ ಗಡಸುತನದ ಮಾನದಲ್ಲಿ ಸ್ಫಟಿಕಶಿಲೆಗೆ 7 ಅಂಕ, ಕಾರಿನ ಮೇಲ್ಪದರ ಅದರ ಮುಂದೆ ಬಹಳ ಮೆದು. ಶಕ್ತಿನಗರದಲ್ಲಿ ಕೃಷ್ಣಾ ದಂಡೆಯ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಿಂದ ಕಲ್ಲಿದ್ದಲು ಸುಡುತ್ತಿದೆ. ಅದರ ಎಂಟು ಘಟಕಗಳ ಸಾಮರ್ಥ್ಯ 1720 ಮೆಗಾವಾಟ್. ಅಲ್ಲಿನ ಹಾರುಬೂದಿಯ ಕಣಗಳು ಬಹುಪಾಲು ಸಿಲಿಕಾ, ಅಲ್ಯೂಮಿನಾಗಳ ಸಣ್ಣ ಗಾಜಿನ ಗೋಳಗಳು. ಹೆಚ್ಚಿನದನ್ನು ಚಿಮಣಿಗೆ ಮುಂಚೆಯೇ ಹಿಡಿದರೂ ಬೂದಿಯ ಹೊಂಡ, ಲಾರಿಗಳಿಂದ ಗಾಳಿಗೆ ಏಳುವುದು ಇದ್ದೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಕಡೆ ಅಕ್ಕಿ ಗಿರಣಿಗಳು ಭತ್ತದ ಹೊಟ್ಟನ್ನೇ ಉರುವಲಾಗಿ ಬಳಸುತ್ತವೆ, ಹೊಟ್ಟಿನ ಬೂದಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸಿಲಿಕಾ. ದೇವದುರ್ಗದ ಹೊಲದ ದಾರಿಗಳಲ್ಲಿ ಎರೆಮಣ್ಣು ಮಳೆಗಾಲದಲ್ಲಿ ಚಕ್ರದಿಂದ ಬಾಗಿಲಿನವರೆಗೆ ಮೆತ್ತಿಕೊಂಡು ಒಣಗಿ ಕಲ್ಲಾಗುತ್ತದೆ.

ಈ ಧೂಳಿನ ಮೇಲೆಯೇ ಮೇಣ ಸಿಂಪಡಿಸಿ ಒರೆಸುವುದು ಕೈಯಾರೆ ಉಪ್ಪುಕಾಗದ ಹಿಡಿದು ಕಾರು ಉಜ್ಜಿದಂತೆ. ಬೆಳಗ್ಗೆ ಒಣಬಟ್ಟೆಯಿಂದ ಕಾರು ಒರೆಸುವ ಅಭ್ಯಾಸದ್ದೂ ಅದೇ ಫಲ. ಸಂಜೆ ಬೀದಿದೀಪದ ಕೆಳಗೆ ಬಾನೆಟ್ಟಿನಲ್ಲಿ ಕಾಣುವ ಜೇಡರ ಬಲೆಯಂಥ ಗೀರುಗಳು ಹುಟ್ಟುವುದು ಹೀಗೆ. ಗೀರುಗಳು ವೃತ್ತಾಕಾರದಲ್ಲಿ ಇರುವುದಿಲ್ಲ, ಎಲ್ಲ ದಿಕ್ಕಿಗೂ ಹರಡಿರುತ್ತವೆ. ಆದರೆ ದೀಪದ ಸುತ್ತ ಬೆಳಕನ್ನು ಕಣ್ಣಿಗೆ ತಿರುಗಿಸುವ ಕೋನದಲ್ಲಿರುವ ಗೀರುಗಳಷ್ಟೇ ಹೊಳೆಯುವುದರಿಂದ ಸುತ್ತು ಬಿದ್ದಂತೆ ತೋರುತ್ತದೆ. ಹಾಗಾಗಿ ಒಳ್ಳೆಯ ಮೇಣ ಹಚ್ಚುವುದಕ್ಕಿಂತ ಅದಕ್ಕೆ ಮುಂಚೆ ಸರಿಯಾಗಿ ತೊಳೆಯುವುದೇ ಮುಖ್ಯ. ಮೊದಲು ಬರೀ ನೀರು ಸುರಿದು ಸಡಿಲ ಮಣ್ಣನ್ನು ಹರಿಸಬೇಕು. ಆಮೇಲೆ ಕಾರಿನ ಶಾಂಪೂ ನೊರೆಯಲ್ಲಿ ಮೇಲಿನಿಂದ ಕೆಳಕ್ಕೆ ತೊಳೆದು, ಬಟ್ಟೆಯನ್ನು ಬೇರೆ ಬಕೆಟ್ಟಿನ ನೀರಲ್ಲಿ ಜಾಲಿಸುತ್ತಿರಬೇಕು. ಬಟ್ಟೆ ಒಗೆಯುವ ಪುಡಿ ಬೇಡ. ಅದರ ಕ್ಷಾರಗುಣ ಪಿಎಚ್ ಮಾನದಲ್ಲಿ ಹತ್ತರ ಹತ್ತಿರ, ಹಿಂದೆ ಹಚ್ಚಿದ ಮೇಣವನ್ನು ಎಳೆದುಕೊಂಡು ಹೋಗಲು ಅಷ್ಟು ಸಾಕು. ವಾಟರ್ ಸರ್ವಿಸಿಂಗ್ ಅಂಗಡಿಯಲ್ಲಿ ಕಾರಿನ ಅಡಿಗೆ ಡೀಸೆಲ್ ಹೊಡೆಯುವಾಗ ಬಾಗಿಲಿನ ಮೇಲೆ ಸಿಡಿದರೂ ಮೇಣ ಕರಗಿಹೋಗುತ್ತದೆ.

ಹಚ್ಚುವ ಹೊತ್ತೂ ಮುಖ್ಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರಿನ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ಬಿಸಿಲಲ್ಲಿ ನಿಂತ ಕಡುಬಣ್ಣದ ಕಾರಿನ ತಗಡು ಅದಕ್ಕಿಂತ ಇನ್ನೂ ಮೂವತ್ತು ಡಿಗ್ರಿ ಹೆಚ್ಚು ಬಿಸಿಯಾಗಬಲ್ಲದು. ಅಂಥ ತಗಡಿನ ಮೇಲೆ ಸಿಂಪಡಿಸಿದರೆ ಹರಡುವ ಮುಂಚೆಯೇ ನೀರು ಆರಿ ಮೇಣ ಗೆರೆಗೆರೆಯಾಗಿ ಹಿಡಿದುಕೊಳ್ಳುತ್ತದೆ. ಬೆಳಗಿನ ಜಾವ ಅಥವಾ ನೆರಳಿನಲ್ಲಿ, ಕೈಯಿಟ್ಟರೆ ತಣ್ಣಗಿರುವಾಗ ಮಾಡುವ ಕೆಲಸವಿದು. ಒಂದು ಬಾಗಿಲಿಗೆ ಎರಡು ಮೂರು ಸಿಂಪಡಿಕೆ ಸಾಕು. ಹೆಚ್ಚು ಹಾಕಿದರೆ ಪೊರೆ ದಪ್ಪವಾಗದು, ಜಿಡ್ಡು ಉಳಿದು ಧೂಳನ್ನು ಹಿಡಿಯುತ್ತದೆ. ಒರೆಸಲು ಹಳೆಯ ಬನಿಯನ್ ಅಲ್ಲ, ಮೈಕ್ರೋಫೈಬರ್ ಬಟ್ಟೆ ಬೇಕು. ಪಾಲಿಯೆಸ್ಟರ್, ಪಾಲಿಅಮೈಡ್ ಎಳೆಗಳನ್ನು ಸೀಳಿ ಮಾಡಿದ ಈ ಬಟ್ಟೆಯ ಸಂದಿಗಳಲ್ಲಿ ಅಳಿದುಳಿದ ಕಣ ಸಿಕ್ಕಿಬೀಳುತ್ತದೆ, ಬಣ್ಣದ ಮೇಲೆ ಉರುಳಾಡುವುದಿಲ್ಲ. ಒಂದು ಬಟ್ಟೆಯಿಂದ ಹರಡಿ, ಇನ್ನೊಂದು ಒಣಬಟ್ಟೆಯಿಂದ ಮಿನುಗಿಸಬೇಕು. ನೆಲಕ್ಕೆ ಬಿದ್ದ ಬಟ್ಟೆಯನ್ನು ಆ ದಿನಕ್ಕೆ ಬದಿಗಿಡುವುದು ಒಳ್ಳೆಯದು.

ಯಂತ್ರದಲ್ಲಿ ತೊಳೆಯುವ ದೊಡ್ಡ ಕೇಂದ್ರಗಳಲ್ಲಿ ಒರೆಸುವ ಶ್ರಮವೂ ಇಲ್ಲ. ಅಲ್ಲಿ ಕೊನೆಯ ಜಾಲಾಟದ ನೀರಿಗೆ ಬೆರೆಸುವ ಮೇಣದ ಹನಿಗಳು ಧನ ವಿದ್ಯುದಂಶ ಹೊತ್ತಿರುತ್ತವೆ. ನೀರಿನಲ್ಲಿ ನೆನೆದ ಬಣ್ಣದ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಹನಿಗಳು ತಾವಾಗಿ ಬಂದು ಅಂಟುತ್ತವೆ, ನೀರಿನ ಹಾಳೆ ಒಡೆದು ಇಳಿದುಹೋಗುತ್ತದೆ. ಆ ಪೊರೆ ಬಹಳ ದಿನ ನಿಲ್ಲುವುದಿಲ್ಲ, ಕಾರು ಬೇಗ ಒಣಗಲೆಂದೇ ಅದರ ಬಳಕೆ.

ಕೆಲವು ಜಾಗಗಳಿಗೆ ಮೇಣ ತಾಗಬಾರದು. ಮುಂಗಾಜಿನ ಮೇಲೆ ಬಿದ್ದರೆ ವೈಪರ್ ತಡವರಿಸುತ್ತದೆ, ರಾತ್ರಿ ಎದುರಿನ ದೀಪಗಳು ಗಾಜಿನಲ್ಲಿ ಹರಡಿಕೊಳ್ಳುತ್ತವೆ. ಬಣ್ಣ ಬಳಿಯದ ಕಪ್ಪು ಪ್ಲಾಸ್ಟಿಕ್ಕಿನ ಗುಳಿಗಳಲ್ಲಿ ಬಿಳಿಗಟ್ಟುತ್ತದೆ. ಬ್ರೇಕ್ ಡಿಸ್ಕಿನ ಮೇಲೆ ಬಿದ್ದರೆ ಅಪಾಯ. ಬೈಕಿಗೆ ಹಚ್ಚುವವರು ಇದನ್ನು ಎರಡು ಸಲ ನೆನೆಯಬೇಕು, ಅಲ್ಲಿ ಡಿಸ್ಕು ಬಣ್ಣದ ತಗಡಿನ ಪಕ್ಕದಲ್ಲೇ ತೆರೆದಿರುತ್ತದೆ. ಸೀಟು, ಹಿಡಿಕೆ, ಕಾಲಿಡುವ ಜಾಗಗಳೂ ಜಾರುತ್ತವೆ. ಕಾರನ್ನು ಪೇಂಟಿಂಗ್ ಶೆಡ್ಡಿಗೆ ಕೊಡುವ ಮುನ್ನ ಸಿಲಿಕೋನ್ ಬೆರೆತ ಮೇಣ ಹಚ್ಚಿರುವುದನ್ನು ಹೇಳಿಬಿಡಬೇಕು. ಅದರ ತುಣುಕು ಉಳಿದರೂ ಹೊಸ ಬಣ್ಣ ಅಲ್ಲಿ ನಿಲ್ಲದೆ ಸುತ್ತ ಸರಿದು ಮೀನಿನ ಕಣ್ಣಿನಂಥ ಕುಳಿ ಬೀಳುತ್ತದೆ.

ಮೇಣದ ನಿಜವಾದ ಉಪಯೋಗ ಕಾಣುವುದು ಕೊಳೆ ಬಿಡಿಸುವಾಗ. ಬೇವಿನ ಮರದ ಕೆಳಗೆ ನಿಂತ ಕಾರಿನ ಮೇಲೆ ಹಕ್ಕಿಗಳ ಹಿಕ್ಕೆ ಬೀಳುತ್ತದೆ. ಬಿಸಿಲಿಗೆ ಮೆತ್ತಗಾಗಿ ಹಿಗ್ಗಿದ ಮೇಲ್ಪದರ ಸಂಜೆ ಕುಗ್ಗುವಾಗ ಒಣಗಿದ ಹಿಕ್ಕೆಯ ಅಚ್ಚನ್ನೇ ಹಿಡಿದುಕೊಳ್ಳುತ್ತದೆ. ಮೇಣ ಇದನ್ನು ತಡೆಯದಿದ್ದರೂ ಕೆಲವು ಗಂಟೆ ಬಿಡುವು ಕೊಡುತ್ತದೆ, ಒದ್ದೆ ಬಟ್ಟೆ ಇಟ್ಟು ನೆನೆಸಿ ಎತ್ತಿದರೆ ಕಲೆ ಬಿಡುತ್ತದೆ. ಭತ್ತದ ಗದ್ದೆಗಳ ನಡುವೆ ರಾತ್ರಿ ಓಡಿದ ಕಾರಿನ ಮುಂಭಾಗಕ್ಕೆ ಮೆತ್ತುವ ಹುಳುಗಳ ವಿಷಯದಲ್ಲೂ ಹೀಗೆಯೇ. ಆಯುಧಪೂಜೆಯ ದಿನ ಬಾನೆಟ್ಟಿಗೆ ಹಚ್ಚುವ ಅರಿಶಿನ, ಕುಂಕುಮ, ವಿಭೂತಿಗಳೂ ಹಿಂದಿನ ಸಂಜೆ ಮೇಣ ಹಚ್ಚಿದ ಕಾರಿನಿಂದ ಸುಲಭವಾಗಿ ಹೋಗುತ್ತವೆ. ಪೂಜೆ ಮುಗಿದ ಮೇಲೆ ತೊಳೆದು ಮೇಣ ಹಚ್ಚುವ ರೂಢಿಗಿಂತ ಇದೇ ಲಾಭ.

ಈಚೆಗೆ ಅಂಗಡಿಗಳಲ್ಲಿ ‘ಸೆರಾಮಿಕ್ ಸ್ಪ್ರೇ’ ಎಂಬ ಹೆಸರಿನ ಬಾಟಲಿಗಳೂ ಬಂದಿವೆ. ಅವುಗಳಲ್ಲಿ ಮೇಣದ ಬದಲು ಅಥವಾ ಮೇಣದ ಜೊತೆಗೆ ಸಿಲಿಕಾ ಮೂಲದ ರಾಳವಿದ್ದು ಬಿಸಿಲು, ಶಾಂಪೂಗಳನ್ನು ಮೇಣಕ್ಕಿಂತ ಹೆಚ್ಚು ದಿನ ತಡೆದುಕೊಳ್ಳುತ್ತದೆ. ಬಣ್ಣದ ಮೇಲೆ ರಾಸಾಯನಿಕವಾಗಿ ಗಟ್ಟಿಗೊಳ್ಳುವ, ನುರಿತವರು ಹಚ್ಚುವ ದುಬಾರಿ ಲೇಪನಗಳೇ ಬೇರೆ. ಹೆಸರು ಒಂದೇ ಎಂದು ಇವನ್ನು ಅವಕ್ಕೆ ಸಮ ಎನ್ನಲಾಗದು.

ಮೇಣ ಮತ್ತೆ ಯಾವಾಗ ಹಚ್ಚಬೇಕೆಂದು ತಿಂಗಳು ಲೆಕ್ಕ ಹಾಕುವುದಕ್ಕಿಂತ ತೊಳೆಯುವಾಗ ನೀರನ್ನು ನೋಡುವುದು ಸರಿ. ತೊಳೆದ ಶುದ್ಧ ಮೈಮೇಲೆ ನೀರು ಹನಿಗಟ್ಟದೆ ಹಾಳೆಯಂತೆ ನಿಂತರೆ ಪೊರೆ ಹೋಗಿದೆ ಎಂದರ್ಥ. ಬಿಸಿಲು, ಧೂಳು ಎರಡೂ ಹೆಚ್ಚಿರುವ ಈ ಜಿಲ್ಲೆಯಲ್ಲಿ ಛಾವಣಿ ಮತ್ತು ಬಾನೆಟ್ಟಿನ ಪೊರೆ ಬಾಗಿಲುಗಳದ್ದಕ್ಕಿಂತ ಮೊದಲೇ ಸವೆಯುತ್ತದೆ, ಅವೆರಡಕ್ಕೆ ಮಾತ್ರ ನಡುವೆ ಒಮ್ಮೆ ಹಚ್ಚಿದರೂ ನಡೆಯುತ್ತದೆ. ಬಾಟಲಿಯನ್ನು ಕಾರಿನ ಡಿಕ್ಕಿಯಲ್ಲಿ ಇಡಬಾರದು. ಬೇಸಿಗೆಯ ಕಾವಿಗೆ ಮೇಣ ಮತ್ತು ನೀರು ಬೇರೆಯಾಗುತ್ತವೆ. ಕುಲುಕಿದರೆ ಮತ್ತೆ ಹಾಲಿನಂತಾದರೆ ಬಳಸಬಹುದು. ಗರಣೆಗಟ್ಟಿ ಹಾಗೇ ಉಳಿದರೆ ಅದು ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಬಣ್ಣದ ಮೇಲೂ ಸಮನಾಗಿ ಹರಡುವುದಿಲ್ಲ.