ಆಫರ್ ಲೆಟರ್‌ನಲ್ಲಿ ಒಂದು, ಅಲ್ಲಿ ಇಳಿದ ಮೇಲೆ ಇನ್ನೊಂದು

ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಗಲ್ಫ್‌ಗೆ ಹೊರಡುವ ಹುಡುಗರಲ್ಲಿ ಹಲವರು ಬಾಯಿಮಾತನ್ನೇ ನಂಬಿ ಹೋಗುತ್ತಾರೆ. ಭಾವನ ಗೆಳೆಯನಿಗೆ ಪರಿಚಯದ ಅಂಗಡಿಯಂತೆ, ರೂಮ್ ಫ್ರೀಯಂತೆ, ಊಟವೂ ಫ್ರೀಯಂತೆ, ಸಂಬಳ ಎರಡು ಸಾವಿರ ದಿರ್ಹಂ ಅಂತೆ. ಈ ‘ಅಂತೆ’ಗಳ ಮೇಲೆ ಉಮ್ಮನ ಬಳೆ ಬ್ಯಾಂಕಿಗೆ ಹೋಗುತ್ತದೆ, ಟಿಕೆಟ್ ಬರುತ್ತದೆ. ಅಲ್ಲಿ ಇಳಿದ ಮೇಲೆ ಸೇಲ್ಸ್‌ಮ್ಯಾನ್ ಎಂದದ್ದು ಗೋದಾಮಿನ ಲೋಡಿಂಗ್ ಆಗಿರುತ್ತದೆ, ಎಂಟು ಗಂಟೆ ಎಂದದ್ದು ಹದಿನಾಲ್ಕು ಆಗಿರುತ್ತದೆ. ಮ್ಯಾನೇಜರ್ ಬೆಳಿಗ್ಗೆ ಒಂದು ಹೇಳುತ್ತಾನೆ, ರಾತ್ರಿ ವಾಯ್ಸ್ ಮೆಸೇಜ್‌ನಲ್ಲಿ ಇನ್ನೊಂದು. ಕೇಳಿದರೆ, “ನಾವು ಒಂದೇ ಊರಿನವರಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡು” ಅಂತಾನೆ.

ಈ ‘ನಮ್ಮವರು’ ಎಂಬ ಮಾತೇ ನನಗೆ ಕಾಣುವಂತೆ ಹೆಚ್ಚು ಹಾನಿ ಮಾಡುವುದು. ಪರಕೀಯನ ಹತ್ತಿರವಾದರೆ ಹುಡುಗ ಕಾಗದ ಕೇಳುತ್ತಾನೆ. ಸಂಬಂಧಿಕರ ಹತ್ತಿರ ಕೇಳಲು ನಾಚಿಕೆ.

ಆದರೆ ಯುಎಇಯಲ್ಲಿ ಕಾಗದ ಕೇಳುವುದು ಕಾನೂನೇ ಕೊಟ್ಟ ಹಕ್ಕು. 2016ರ ಜನವರಿ 1ರಿಂದ ಅಲ್ಲಿ ಕಾರ್ಮಿಕ ಸಚಿವಾಲಯದ ಮಾದರಿಯ ಆಫರ್ ಲೆಟರ್‌ಗೆ ಕೆಲಸಗಾರ ಮೊದಲೇ ಸಹಿ ಮಾಡಬೇಕು. ನಂತರದ ಕಾಂಟ್ರಾಕ್ಟ್‌ನಲ್ಲಿ ಅದಕ್ಕಿಂತ ಕಡಿಮೆ ಸವಲತ್ತು ಬರೆಯುವಂತಿಲ್ಲ. ಅರಬಿ, ಇಂಗ್ಲಿಷ್ ಜೊತೆಗೆ ಮೂರನೆಯ ಭಾಷೆಯಲ್ಲೂ ಅದು ಸಿಗುತ್ತದೆ. ಆ ಪಟ್ಟಿಯಲ್ಲಿ ಹಿಂದಿ, ಉರ್ದು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ನಮ್ಮ ಮಕ್ಕಳಲ್ಲಿ ಮಲಯಾಳಂ ಕೇಳಿದರೆ ತಿಳಿಯುವವರು ಬಹಳ ಮಂದಿ, ಓದುವವರು ಕಡಿಮೆ. ಹಾಗಾಗಿ ಓದಬಲ್ಲ ಯಾರಾದರೊಬ್ಬರ ಹತ್ತಿರ ಗಟ್ಟಿಯಾಗಿ ಓದಿಸಿಕೊಳ್ಳಿ, ಅರ್ಧ ಗಂಟೆಯ ಕೆಲಸ. ಮುಖ್ಯವಾಗಿ ‘ಬೇಸಿಕ್’ ಎಷ್ಟು ಎಂದು ನೋಡಿ. ಎರಡು ಸಾವಿರ ಎಂದು ಹೇಳಿ ಬೇಸಿಕ್ ಎಂಟುನೂರು ಬರೆದು, ಉಳಿದದ್ದನ್ನು ಅಲವೆನ್ಸ್ ಮಾಡಿದರೆ ಕೊನೆಗೆ ಸಿಗುವ ಗ್ರಾಚುಯಿಟಿ ಎಂಟುನೂರರ ಲೆಕ್ಕದಲ್ಲೇ.

ವಿಸಿಟ್ ವೀಸಾದಲ್ಲಿ ಬಾ, ಆಮೇಲೆ ಮಾಡಿಸುವ ಎಂದರೆ ಅಲ್ಲೇ ನಿಲ್ಲಿ. ಆ ವೀಸಾದಲ್ಲಿ ದುಡಿಯುವುದೇ ಅಲ್ಲಿ ತಪ್ಪು. ಸಂಬಳ ನಿಂತರೆ ದೂರು ಕೊಡುವುದಕ್ಕೂ ಹೆದರಿಕೆ.

ಹೋಗಿ ಸಿಕ್ಕಿಕೊಂಡವರಿಗೆ ದಾರಿ ಇಲ್ಲ ಎಂದಲ್ಲ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯುಎಇ ಕಾನೂನಿನಲ್ಲಿ ಪ್ರೊಬೇಶನ್ ಆರು ತಿಂಗಳಿಗಿಂತ ಹೆಚ್ಚು ಇಲ್ಲ. ಆ ಅವಧಿಯಲ್ಲಿ ಕೆಲಸ ಬಿಟ್ಟು ಊರಿಗೆ ಬರುವುದಾದರೆ 14 ದಿನದ ನೋಟಿಸ್ ಬರಹದಲ್ಲಿ ಕೊಡಬೇಕು. ಅಲ್ಲೇ ಬೇರೆ ಕಂಪೆನಿಗೆ ಸೇರುವುದಾದರೆ ಒಂದು ತಿಂಗಳು. ಕರೆಸಿಕೊಂಡ ಖರ್ಚನ್ನು ಹಳೆ ಮಾಲಕ ಹೊಸ ಕಂಪೆನಿಯಿಂದ ಕೇಳಬಹುದು, ಹುಡುಗನ ಸಂಬಳದಿಂದ ಹಿಡಿಯುವಂತಿಲ್ಲ. ಹೇಳದೆ ಓಡಿಹೋಗುವುದು ಮಾತ್ರ ಬೇಡ. ಪರಾರಿ ಎಂದು ಕೇಸ್ ಬಿದ್ದರೆ ಸರಿ ಇದ್ದವನೇ ತಪ್ಪಿತಸ್ಥ ಆಗುತ್ತಾನೆ.

ಅದಕ್ಕೆ ಮೊದಲು ಡ್ಯೂಟಿ ಗಂಟೆ ದಿನಾ ಬರೆದಿಡಿ, ಮ್ಯಾನೇಜರ್‌ನ ಮೆಸೇಜ್ ಅಳಿಸಬೇಡಿ. ಆಫರ್ ಲೆಟರ್‌ನ ಫೋಟೋ ಮನೆಯವರ ಫೋನಿನಲ್ಲೂ ಇರಲಿ.

ಸೌದಿಯ ಹೌಸ್ ಡ್ರೈವರ್‌ನ ವಿಷಯ ಬೇರೆ. ಅವನು ಮನೆಕೆಲಸದವರ ಲೆಕ್ಕಕ್ಕೆ ಬರುತ್ತಾನೆ, ಕಂಪೆನಿಯವರ ನಿಯಮ ಅವನಿಗೆ ಅನ್ವಯಿಸುವುದಿಲ್ಲ. ಅಂಥ ಕಾಂಟ್ರಾಕ್ಟ್‌ಗೆ ‘ಮುಸಾನದ್’ ಎಂಬ ಸರಕಾರಿ ವ್ಯವಸ್ಥೆ ಇದೆ. ಅದರಲ್ಲಿ ಹೆಸರು ದಾಖಲಾಗಿದೆಯಾ ಎಂದು ಹೊರಡುವ ಮೊದಲೇ ಕೇಳಿ.

ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ಆಗಿರುತ್ತದೆ. ಅಂಥವರು ಗಲ್ಫ್‌ಗೆ ಕೆಲಸಕ್ಕೆ ಹೋಗಲು ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು. ಅದರ ಜೊತೆ ಹತ್ತು ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಬರುತ್ತದೆ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ, ಅದಕ್ಕೂ ರಶೀದಿ ಕೇಳಬೇಕು. ಒಂದೂವರೆ ಲಕ್ಷ ಕೊಟ್ಟು ರಶೀದಿ ಇಲ್ಲದೆ ಹೋದವನಿಗೆ ಇಲ್ಲಿ ಪೊಲೀಸ್ ಠಾಣೆಯಲ್ಲೂ ತೋರಿಸಲು ಏನೂ ಇರುವುದಿಲ್ಲ.

ದುಬೈ ಕಡೆ ಇರುವವರು ಭಾರತೀಯ ದೂತಾವಾಸದ ಸಹಾಯ ಕೇಂದ್ರಕ್ಕೆ 800 46342 ನಂಬರಿಗೆ ಉಚಿತವಾಗಿ ಕರೆ ಮಾಡಬಹುದು. ಹುಡುಗನಿಗೆ ಫೋನ್ ಮಾಡಲೂ ಬಿಡದಿದ್ದರೆ ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ಮನೆಯವರೇ ಇಲ್ಲಿಂದ ದೂರು ಹಾಕಬಹುದು. ಅದಕ್ಕೆ ಅವನ ಪಾಸ್‌ಪೋರ್ಟ್ ನಂಬರ್ ಕೇಳುತ್ತದೆ. ಒಂದು ಜೆರಾಕ್ಸ್ ಉಮ್ಮನ ಕಪಾಟಿನಲ್ಲಿ ಇರಲಿ.