ನೆಟ್‌ವರ್ಕ್ ಡ್ರೈವ್ ಮೇಲೆ ಕೆಂಪು ಇಂಟು ಮಾರ್ಕ್ ಬಂದರೆ ಡೇಟಾ ಹೋಯಿತು ಎಂದರ್ಥವೇ?

ಸಣ್ಣ ಆನಿಮೇಷನ್ ಸ್ಟುಡಿಯೊವೊಂದರಲ್ಲಿ ಕೆಲಸ ಮಾಡುವ ಗೆಳತಿ ಒಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಕಳಿಸಿ, ಇದು ನಿಜವಾ ನೋಡು ಅಂದಳು. ಕಂಪ್ಯೂಟರ್‌ನಲ್ಲಿ ನೆಟ್‌ವರ್ಕ್ ಡ್ರೈವ್ ಮೇಲೆ ಕೆಂಪು ಇಂಟು ಮಾರ್ಕ್ ಕಂಡರೆ ಹಾರ್ಡ್ ಡಿಸ್ಕ್ ಕೆಡುತ್ತಿದೆ ಅಥವಾ ವೈರಸ್ ಬಂದಿದೆ ಎಂದೂ, ಕೂಡಲೇ ಎಸ್‌ಎಂಬಿ 1 ಆನ್ ಮಾಡಿ, ಫೈರ್‌ವಾಲ್ ಆಫ್ ಮಾಡಿ, ಫೋಲ್ಡರ್‌ಗೆ ಪಾಸ್‌ವರ್ಡ್ ಇಲ್ಲದಂತೆ ಮಾಡಿ ಎಂದೂ ಅದರಲ್ಲಿತ್ತು. ಎಲ್ಲರಿಗೂ ಹಂಚಿ ಎಂಬ ಸಾಲಂತೂ ಇದ್ದೇ ಇತ್ತು.

ಅವಳು ಕೇಳಿದ್ದಕ್ಕೆ ಕಾರಣವಿತ್ತು. ಹಿಂದಿನ ರಾತ್ರಿ ರೆಂಡರ್‌ಗೆ ಹಾಕಿಹೋಗಿದ್ದ ಜಾಹೀರಾತಿನಲ್ಲಿ ಕೆಲವು ಫ್ರೇಮ್‌ಗಳ ಗೋಡೆ, ನೆಲ, ಪಾತ್ರದ ಬಟ್ಟೆ ಎಲ್ಲವೂ ಕಡು ಗುಲಾಬಿ ಬಣ್ಣದಲ್ಲಿ ಬಂದಿದ್ದವು. ಡ್ರೈವ್ ಮೇಲೆ ಕೆಂಪು ಗುರುತೂ ಇತ್ತು. ಅದೇ ಸಂಜೆ ಗ್ರಾಹಕರಿಗೆ ಕೆಲಸ ಕೊಡಬೇಕಿತ್ತು. ಇಂಥ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಮಾಡಿಬಿಡುತ್ತೇವೆ.

ಮೊದಲು ರೆಂಡರ್ ಫಾರ್ಮ್ ಎಂದರೇನು ನೋಡೋಣ. ಒಂದು ಸೆಕೆಂಡ್ ಆನಿಮೇಷನ್‌ಗೆ ಸಾಮಾನ್ಯವಾಗಿ 24 ಚಿತ್ರಗಳು ಬೇಕು. 30 ಸೆಕೆಂಡಿನ ಜಾಹೀರಾತಿಗೆ 720. ಒಂದು ಚಿತ್ರ ತಯಾರಾಗಲು 10 ನಿಮಿಷ ಎಂದಿಟ್ಟುಕೊಂಡರೆ ಒಂದೇ ಕಂಪ್ಯೂಟರ್‌ಗೆ 120 ಗಂಟೆ, ಅಂದರೆ ಐದು ದಿನ ಬೇಕು. ಹತ್ತು ಕಂಪ್ಯೂಟರ್‌ಗಳಿಗೆ ಹಂಚಿದರೆ 12 ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಹತ್ತಕ್ಕೂ ಅದೇ ಮಾಡೆಲ್, ಅದೇ ಟೆಕ್ಸ್ಚರ್ ಬೇಕು. ಅವನ್ನು ಒಂದು ಕಡೆ ಇಟ್ಟು ಎಲ್ಲ ಯಂತ್ರಗಳೂ ನೆಟ್‌ವರ್ಕ್ ಮೂಲಕ ಓದುವಂತೆ ಮಾಡಿರುತ್ತಾರೆ. ಆ ಜಾಗಕ್ಕೆ ಕೊಟ್ಟ ಅಕ್ಷರವೇ ನಮಗೆ ಕಾಣುವ ಝಡ್ ಡ್ರೈವ್.

ಈಗ ಕೆಂಪು ಗುರುತು. ಹಂಚಿದ ಫೋಲ್ಡರ್ ಅನ್ನು ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ವಿಂಡೋಸ್ ಆ ಸಂಪರ್ಕವನ್ನು ತಾನೇ ಕಡಿದುಹಾಕುತ್ತದೆ. ಮೊದಲೇ ನಿಗದಿಯಾಗಿರುವ ಅವಧಿ 15 ನಿಮಿಷ. ಸುಮ್ಮನೆ ಕುಳಿತ ಸಂಪರ್ಕಗಳಿಗೆ ಮೆಮೊರಿ ವ್ಯರ್ಥವಾಗಬಾರದು ಎಂಬುದಷ್ಟೇ ಉದ್ದೇಶ. ಆಗ ಡ್ರೈವ್ ಮೇಲೆ ಕೆಂಪು ಇಂಟು ಬೀಳಬಹುದು. ಡಬಲ್ ಕ್ಲಿಕ್ ಮಾಡಿ ನೋಡಿ. ತೆರೆದುಕೊಂಡರೆ ಅಲ್ಲಿಗೆ ಮುಗಿಯಿತು, ಡಿಸ್ಕೂ ಕೆಟ್ಟಿಲ್ಲ, ಡೇಟಾವೂ ಹೋಗಿಲ್ಲ. ಕಂಪ್ಯೂಟರ್ ಆನ್ ಆಗುವಾಗ ನೆಟ್‌ವರ್ಕ್ ಸಿದ್ಧವಾಗುವ ಮೊದಲೇ ವಿಂಡೋಸ್ ಡ್ರೈವ್ ಹುಡುಕಿದರೂ ಇದೇ ಗುರುತು ಬರುತ್ತದೆ.

ಹಾಗಾದರೆ ಗುಲಾಬಿ ಗೋಡೆ? ಬ್ಲೆಂಡರ್ ಸಾಫ್ಟ್‌ವೇರ್‌ಗೆ ಟೆಕ್ಸ್ಚರ್ ಕಡತ ಸಿಗದಿದ್ದರೆ ಅದು ರೆಂಡರ್ ನಿಲ್ಲಿಸುವುದಿಲ್ಲ, ಆ ಜಾಗಕ್ಕೆ ಗುಲಾಬಿ ಬಳಿದು ಮುಂದೆ ಹೋಗುತ್ತದೆ. ಅಂದರೆ ಕೆಲವು ಯಂತ್ರಗಳಿಗೆ ಝಡ್ ಡ್ರೈವ್ ಕಂಡಿಲ್ಲ. ಸಣ್ಣ ಸ್ಟುಡಿಯೊಗಳು ಹೆಚ್ಚು ಹೊತ್ತು ಕಳೆದುಕೊಳ್ಳುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ಫೋನ್‌ನಲ್ಲಿ ‘ಅಮ್ಮ’ ಎಂದು ಒಂದು ನಂಬರ್ ಸೇವ್ ಆಗಿದೆ. ಪಕ್ಕದವರ ಫೋನ್ ತೆಗೆದುಕೊಂಡು ‘ಅಮ್ಮ’ ಎಂದು ಒತ್ತಿದರೆ ನಿಮ್ಮ ಅಮ್ಮನಿಗೆ ಕರೆ ಹೋಗುವುದಿಲ್ಲ. ಪೂರ್ತಿ ನಂಬರ್ ಒತ್ತಿದರೆ ಯಾರ ಫೋನ್‌ನಿಂದಲೂ ಹೋಗುತ್ತದೆ. ಝಡ್ ಎಂಬುದು ಸೇವ್ ಮಾಡಿದ ಹೆಸರಿನಂತೆ. ಲಾಗಿನ್ ಆದ ಒಬ್ಬ ಬಳಕೆದಾರನಿಗೆ ಮಾತ್ರ ಅದರ ಅರ್ಥ ಗೊತ್ತು. ರೆಂಡರ್ ಮಾಡುವ ಪ್ರೋಗ್ರಾಮ್ ಹಿನ್ನೆಲೆಯಲ್ಲಿ ಸರ್ವಿಸ್ ಆಗಿ ಓಡುತ್ತಿದ್ದರೆ (ಡೆಡ್‌ಲೈನ್‌ನಂತಹ ಫಾರ್ಮ್ ಸಾಫ್ಟ್‌ವೇರ್‌ಗಳಲ್ಲಿ ಈ ಸೌಲಭ್ಯ ಇದೆ) ಅದು ಬೇರೆಯೇ ಖಾತೆಯಲ್ಲಿ ಓಡುತ್ತಿರಬಹುದು. ಆ ಖಾತೆಗೆ ಝಡ್ ಎಂಬುದೇ ಇಲ್ಲ. ನೀವು ಅದೇ ಕಂಪ್ಯೂಟರ್ ಮುಂದೆ ಕೂತು ನೋಡಿದರೆ ಡ್ರೈವ್ ಚೆನ್ನಾಗಿಯೇ ಕಾಣುತ್ತದೆ. ಪ್ರೋಗ್ರಾಮ್ ಅನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂದು ತೆರೆದಾಗಲೂ ಬಹುಪಾಲು ಹೀಗೇ ಆಗುತ್ತದೆ.

ಪರಿಹಾರ, ಪೂರ್ತಿ ನಂಬರ್ ಒತ್ತುವುದು. ಡ್ರೈವ್ ಅಕ್ಷರದ ಬದಲು ಎರಡು ಬ್ಯಾಕ್‌ಸ್ಲಾಶ್ ಹಾಕಿ ಸರ್ವರ್‌ನ ಹೆಸರು, ಮತ್ತೊಂದು ಬ್ಯಾಕ್‌ಸ್ಲಾಶ್ ಹಾಕಿ ಫೋಲ್ಡರ್ ಹೆಸರು ಕೊಡುವುದು. ರೆಂಡರ್ ಸರ್ವಿಸ್ ಓಡುವ ಖಾತೆಗೆ ಆ ಫೋಲ್ಡರ್ ಓದುವ, ಬರೆಯುವ ಅನುಮತಿ ಇರಬೇಕು. ಬ್ಲೆಂಡರ್‌ನ ಫೈಲ್ ಮೆನುವಿನ ಎಕ್ಸ್‌ಟರ್ನಲ್ ಡೇಟಾದಲ್ಲಿ ರಿಪೋರ್ಟ್ ಮಿಸ್ಸಿಂಗ್ ಫೈಲ್ಸ್ ಎಂದಿದೆ. ರೆಂಡರ್ ಮಾಡುವ ಯಂತ್ರದಲ್ಲೇ, ಅದೇ ಖಾತೆಯಲ್ಲಿ ಅದನ್ನು ಒಮ್ಮೆ ಒತ್ತಿ ನೋಡಿದರೆ ರಾತ್ರಿಯ ಕೆಲಸ ಉಳಿಯುತ್ತದೆ.

ಗೆಳತಿಯ ಸ್ಟುಡಿಯೊದಲ್ಲಿ ಆದದ್ದೂ ಇದೇ. ಹೊಸದಾಗಿ ಸೇರಿಸಿದ ಎರಡು ಯಂತ್ರಗಳು ಬೇರೆ ಖಾತೆಯಲ್ಲಿ ಓಡುತ್ತಿದ್ದವು. ಪ್ರಾಜೆಕ್ಟ್ ಕಡತಕ್ಕೆ ಪೂರ್ಣ ವಿಳಾಸ ಕೊಟ್ಟಿದ್ದರು, ಅದು ತೆರೆದುಕೊಂಡಿತ್ತು. ಟೆಕ್ಸ್ಚರ್‌ಗಳು ಮಾತ್ರ ಝಡ್ ಡ್ರೈವ್ ಎಂದು ದಾಖಲಾಗಿದ್ದವು. ಕೆಂಪು ಗುರುತಿಗೂ ಗುಲಾಬಿ ಗೋಡೆಗೂ ಸಂಬಂಧವೇ ಇರಲಿಲ್ಲ.

ಡಬಲ್ ಕ್ಲಿಕ್ ಮಾಡಿದರೂ ಡ್ರೈವ್ ತೆರೆಯದಿದ್ದರೆ? ಪಕ್ಕದ ಕಂಪ್ಯೂಟರ್‌ನಲ್ಲಿ ತೆರೆಯುತ್ತದೆಯೇ ನೋಡಿ. ಎಲ್ಲೂ ತೆರೆಯದಿದ್ದರೆ ಸರ್ವರ್ ಅಥವಾ ಸ್ವಿಚ್ ಕಡೆ ಹೋಗಿ. ಕಡತ ಇಟ್ಟಿರುವ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿರುವುದೂ ಉಂಟು. ಒಂದರಲ್ಲಿ ಮಾತ್ರ ತೆರೆಯದಿದ್ದರೆ ಕೇಬಲ್ ಬದಲಿಸಿ ನೋಡಿ. ಸರ್ವರ್ ಹೆಸರಿನ ಬದಲು ಅದರ ಐಪಿ ಅಂಕಿ ಹಾಕಿದಾಗ ತೆರೆದರೆ ತೊಂದರೆ ಹೆಸರು ಹುಡುಕುವುದರಲ್ಲಿದೆ. ಅಂಕಿಯನ್ನೇ ಬಳಸಿ ಡ್ರೈವ್ ಮಾಡಿದ್ದು ಇದ್ದಕ್ಕಿದ್ದಂತೆ ನಿಂತರೆ ರೂಟರ್ ಬೇರೆ ಅಂಕಿ ಕೊಟ್ಟಿರಬಹುದು. ರೂಟರ್ ಸೆಟ್ಟಿಂಗ್‌ನಲ್ಲಿ ಸರ್ವರ್‌ಗೆ ಒಂದೇ ಅಂಕಿ ಕಾಯ್ದಿರಿಸಿ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಯೂಸ್ ಕಮಾಂಡ್ ಮೂಲಕ ಜೋಡಿಸಲು ಹೋದರೆ ಒಂದು ಎರರ್ ಸಂಖ್ಯೆ ಸಿಗುತ್ತದೆ, ಫಾರ್ವರ್ಡ್‌ಗಿಂತ ಅದನ್ನು ನಂಬಬಹುದು. 53 ಬಂದರೆ ದಾರಿಯೇ ಸಿಗುತ್ತಿಲ್ಲ. 1326 ಬಂದರೆ ಬಳಕೆದಾರ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 71 ಬಂದರೆ ಜಾಗ ಭರ್ತಿ. ಈ ಮೂರನೆಯದು ಹಲವರಿಗೆ ತಿಳಿದಿಲ್ಲ. ವಿಂಡೋಸ್ 10, 11ರ ಸಾಮಾನ್ಯ ಕಂಪ್ಯೂಟರ್‌ನಲ್ಲಿ ಫೋಲ್ಡರ್ ಹಂಚಿದರೆ ಏಕಕಾಲಕ್ಕೆ 20 ಸಂಪರ್ಕಗಳಿಗಷ್ಟೇ ಅವಕಾಶ. ಫಾರ್ಮ್ ಬೆಳೆದು 20 ದಾಟಿದ ದಿನ ಯಾವುದೋ ಒಂದು ಯಂತ್ರ ಹೊರಗುಳಿಯುತ್ತದೆ, ಮರುದಿನ ಇನ್ನೊಂದು. ಭೂತ ಹೊಕ್ಕಂತೆ ಕಾಣುತ್ತದೆ, ಅಷ್ಟೇ. ಇದಕ್ಕೆ ನ್ಯಾಸ್ ಪೆಟ್ಟಿಗೆ, ಲಿನಕ್ಸ್ ಅಥವಾ ವಿಂಡೋಸ್ ಸರ್ವರ್ ಬೇಕು.

ಇನ್ನು ಫಾರ್ವರ್ಡ್ ಕೊಟ್ಟ ಸಲಹೆಗಳು. ಕೆಲವೊಮ್ಮೆ ಅವು ಕೆಲಸ ಮಾಡುತ್ತವೆ, ಅಪಾಯ ಇರುವುದೇ ಅಲ್ಲಿ. ಎಸ್‌ಎಂಬಿ ಎಂದರೆ ಕಂಪ್ಯೂಟರ್‌ಗಳು ಕಡತ ಹಂಚಿಕೊಳ್ಳಲು ಬಳಸುವ ಭಾಷೆ. ಅದರ ಮೊದಲ ಆವೃತ್ತಿ 1980ರ ದಶಕದ್ದು. 2017ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಅದರ ಒಂದು ದೊಡ್ಡ ದೋಷಕ್ಕೆ ಅಪ್‌ಡೇಟ್ ಕೊಟ್ಟಿತು. ಹಾಕಿಕೊಳ್ಳದವರು ಬಹಳ ಮಂದಿ ಇದ್ದರು. ಮೇ 12ರಂದು ಅದೇ ದೋಷದ ಮೂಲಕ ವನ್ನಾಕ್ರೈ ಹರಡಿತು. ಯಾರೂ ಏನೂ ಕ್ಲಿಕ್ ಮಾಡಬೇಕಿರಲಿಲ್ಲ, ನೆಟ್‌ವರ್ಕ್‌ನಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹೋಗಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿತ್ತು. 150ರಷ್ಟು ದೇಶಗಳ ಕಂಪ್ಯೂಟರ್‌ಗಳಿಗೆ ತಗುಲಿತು, ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಎಸ್‌ಎಂಬಿ 1 ಇರುವುದಿಲ್ಲ. ಎಲ್ಲ ಯಂತ್ರಗಳೂ ಒಂದೇ ಫೋಲ್ಡರ್‌ಗೆ ಬರೆಯುವ ರೆಂಡರ್ ಫಾರ್ಮ್‌ನಲ್ಲಿ ಅದನ್ನು ಮತ್ತೆ ಕರೆತಂದು, ಫೈರ್‌ವಾಲ್ ತೆಗೆದು, ಪಾಸ್‌ವರ್ಡ್ ಅಳಿಸಿದರೆ ಇಂಥದ್ದೊಂದು ಹೊಕ್ಕ ದಿನ ವರ್ಷಗಳ ಕೆಲಸ ಒಂದೇ ಏಟಿಗೆ ಹೋಗಬಹುದು.

ಪಾಸ್‌ವರ್ಡ್ ಇಲ್ಲದೆ ತೆರೆಯುತ್ತಿದ್ದ ಹಳೆಯ ನ್ಯಾಸ್, ಕಂಪ್ಯೂಟರ್‌ಗೆ ವಿಂಡೋಸ್ 11 ಪ್ರೊದ 24ಎಚ್2 ಅಪ್‌ಡೇಟ್ ಬಂದ ಮೇಲೆ ತೆರೆಯದೇ ಹೋಗಬಹುದು. ಅದು ಗೆಸ್ಟ್ ಪ್ರವೇಶವನ್ನು ಒಪ್ಪುವುದಿಲ್ಲ, ಸಂದೇಶಗಳಿಗೆ ಡಿಜಿಟಲ್ ಸಹಿಯನ್ನೂ ಕೇಳುತ್ತದೆ. ಕಂಪ್ಯೂಟರ್‌ನ ರಕ್ಷಣೆ ಇಳಿಸುವ ಬದಲು ನ್ಯಾಸ್‌ನಲ್ಲಿ ಒಂದು ಖಾತೆ, ಪಾಸ್‌ವರ್ಡ್ ಮಾಡಿ. ಅದರ ಫರ್ಮ್‌ವೇರ್ ಅಪ್‌ಡೇಟ್ ಮಾಡಿ.

ಆ 15 ನಿಮಿಷದ ಗಡುವು ಕಿರಿಕಿರಿ ಎನಿಸಿದರೆ ಕಡತ ಹಂಚಿರುವ ವಿಂಡೋಸ್ ಯಂತ್ರದಲ್ಲಿ ನೆಟ್ ಕಾನ್ಫಿಗ್ ಸರ್ವರ್ ಕಮಾಂಡ್‌ನ ಆಟೊಡಿಸ್‌ಕನೆಕ್ಟ್ ಮೌಲ್ಯವನ್ನು ಮೈನಸ್ 1ಕ್ಕೆ ಬದಲಿಸಬಹುದು. ರೆಂಡರ್ ಯಂತ್ರಗಳಲ್ಲಿ ಅದನ್ನು ಓಡಿಸಿ ಪ್ರಯೋಜನವಿಲ್ಲ. ಈಗಾಗಲೇ ಯಾರದೋ ಮಾತು ಕೇಳಿ ಎಸ್‌ಎಂಬಿ 1 ಆನ್ ಮಾಡಿದ್ದರೆ ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್ ಎಂಬಲ್ಲಿ ಎಸ್‌ಎಂಬಿ 1.0 ಎದುರಿನ ಟಿಕ್ ತೆಗೆದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.